ಮಸಿ ಹಿಡಿದ ಗಾಜಿಗೆ ಬತ್ತಿ ಏರಿಸುವವರು

"ಹೆಡ್ ಹೋಗಿದೆ ಅಣ್ಣ. ಹೊಸದು ತಂದಿದ್ದೀರಲ್ಲಾ?"

ನಾನು ಬ್ಯಾಗು ಕೆಳಗಿಡುವ ಮೊದಲೇ ಬೇಕರಿಯ ಯಜಮಾನರು ಕೇಳಿದರು. ಶಿವಮೊಗ್ಗದಲ್ಲಿ ಆಷಾಢದ ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ಬೆಳಿಗ್ಗೆ ಅದು. ಬಿಲ್ ಮಷೀನಿನಿಂದ ಹರಿದಿಟ್ಟುಕೊಂಡಿದ್ದ ನಾಲ್ಕಾರು ಚೀಟಿಗಳನ್ನು ನನ್ನ ಮುಂದೆ ಹರಡಿದರು. ಎಲ್ಲದರಲ್ಲೂ ಮೇಲಿಂದ ಕೆಳಗಿನವರೆಗೆ ಎರಡು ಬಿಳಿ ಗೆರೆ, ಬಲಗಡೆಯ ಅಂಕಿಗಳು ಇಲಿ ತಿಂದ ಹಾಗೆ ಅರ್ಧರ್ಧ. ಮಷೀನು ತಂದು ಹನ್ನೊಂದು ತಿಂಗಳಾಗಿತ್ತು. ಮೊದಲ ಸಲ ಅಕ್ಷರ ಮಾಸಿದಾಗ ಫೋನಿನಲ್ಲಿ ಯಾರನ್ನೋ ಕೇಳಿ ಡೆನ್ಸಿಟಿಯನ್ನು, ಅಂದರೆ ಅಚ್ಚಿನ ಕಪ್ಪನ್ನು, ಒಂದು ಮೆಟ್ಟಿಲು ಏರಿಸಿದ್ದರು. ಆಮೇಲೆ ಇನ್ನೊಂದು ಮೆಟ್ಟಿಲು. ಈಗ ಏರಿಸಲು ಮೆಟ್ಟಿಲೇ ಉಳಿದಿರಲಿಲ್ಲ.

ಸ್ವಿಚ್ ಆರಿಸಿ, ವೈರು ಕಿತ್ತು, ತಣ್ಣಗಾಗಲೆಂದು ಐದು ನಿಮಿಷ ಬಿಟ್ಟೆ. ಮುಚ್ಚಳ ಎತ್ತಿ ಟಾರ್ಚ್ ಹಾಯಿಸಿದರೆ, ಕಾಗದಕ್ಕೆ ಬಿಸಿ ತಾಗಿಸಿ ಅಕ್ಷರ ಮೂಡಿಸುವ, ಕನ್ನಡಿಯಂತೆ ಹೊಳೆಯಬೇಕಾದ ಹೆಡ್ಡಿನ ಗೆರೆಯ ಮೇಲೆ ಬೂದು ಬಣ್ಣದ ಪೊರೆ. ಎರಡು ಕಡೆ ಆ ಪೊರೆ ಸೀದು ಕಂದಾಗಿ, ದೋಸೆ ಕಾವಲಿಯ ಅಂಚಿನ ಕರಕಲಿನಂತೆ ಗಟ್ಟಿಯಾಗಿತ್ತು. ಪೇಪರಿನ ಧೂಳು, ಮೈದಾ ಹಿಟ್ಟು, ಬೆಣ್ಣೆ ಬಿಸ್ಕತ್ತು ಮುಟ್ಟಿದ ಕೈಯ ಜಿಡ್ಡು, ಎಲ್ಲ ಸೇರಿ ಬೆಂದದ್ದು. ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಅದ್ದಿದ ಹತ್ತಿಯ ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಎಳೆದೆ. ಮೊದಲನೆಯದು ಕಪ್ಪಾಗಿ ಬಂತು, ಎರಡನೆಯದು ಬೂದಾಗಿ. ಕರಕಲಿದ್ದ ಜಾಗದಲ್ಲಿ ಒದ್ದೆ ಬಡ್ಡನ್ನು ಅರೆ ನಿಮಿಷ ಹಾಗೇ ಒತ್ತಿ ಹಿಡಿದು, ಅದು ನೆನೆದ ಮೇಲೆ ಒರೆಸಿದೆ. ಐದನೆಯ ಬಡ್ ಬೆಳ್ಳಗೆ ಬಂತು. ರಬ್ಬರ್ ರೋಲರನ್ನು ಹೆಬ್ಬೆರಳಲ್ಲಿ ತಿರುಗಿಸುತ್ತಾ ಅದನ್ನೂ ಒರೆಸಿ, ಆರಲು ಬಿಟ್ಟು, ಫೀಡ್ ಗುಂಡಿ ಒತ್ತಿಕೊಂಡೇ ಸ್ವಿಚ್ ಹಾಕಿದೆ. ಸೆಲ್ಫ್ ಟೆಸ್ಟ್ ಚೀಟಿ ಹೊರಬಂತು. ಒಂದು ಗೆರೆಯೂ ಇರಲಿಲ್ಲ.

ಯಜಮಾನರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಾಗಾದ್ರೆ ಹೆಡ್ ಹೋಗಿರ್ಲಿಲ್ವಾ?"

ಹೋಗಿರಲಿಲ್ಲ. ಹದಿನೇಳು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನಾನು ಹೇಳುತ್ತೇನೆ: "ಹೆಡ್ ಹೋಗಿದೆ" ಎಂದು ನನ್ನನ್ನು ಕರೆಸಿದ ಕಡೆಗಳಲ್ಲಿ ಬಹುಪಾಲು ಹೆಡ್ ಹೋಗಿರುವುದಿಲ್ಲ. ಹೋಗಿದ್ದರೂ ತಾನಾಗಿ ಹೋಗಿರುವುದಿಲ್ಲ. ಅಂಗಡಿಯವರು, ಮಾರುವವರು, ರಿಪೇರಿಯವರು ಎಲ್ಲರೂ ತಲೆಯಾಡಿಸಿ ಒಪ್ಪಿಕೊಂಡಿರುವ ಒಂದು ಮಾತಿದೆ. ಥರ್ಮಲ್ ಪ್ರಿಂಟರಿನ ಹೆಡ್ ಟೈರಿನ ಹಾಗೆ ಸವೆಯುವ ಸಾಮಾನು, ಮಾಸಿದರೆ ಡಾರ್ಕ್ ಮಾಡು, ಗೆರೆ ಬಿದ್ದರೆ ಬದಲಾಯಿಸು, ಮೂರು ಸಾವಿರದ ಮಷೀನಿಗೆ ಯಾರು ಒರೆಸುತ್ತಾ ಕೂರುತ್ತಾರೆ ಎಂಬ ಮಾತು. ವ್ಯವಹಾರಜ್ಞಾನದಂತೆ ಕಾಣುವ ಈ ಮಾತು ತಪ್ಪು. ಅದರ ನಷ್ಟ ಬೀಳುವುದು ಅಂಗಡಿಯವನ ಜೇಬಿಗೆ ಮಾತ್ರವಲ್ಲ, ಆ ಚೀಟಿಯನ್ನು ನಂಬಿ ಕೈಯಲ್ಲಿ ಹಿಡಿದು ಹೋಗುವವನಿಗೂ ಬೀಳುತ್ತದೆ.

ಈ ನಂಬಿಕೆಯ ಬೇರು ಎಲ್ಲಿದೆ ಎಂದು ಯೋಚಿಸಿದ್ದೇನೆ. ಥರ್ಮಲ್ ಪ್ರಿಂಟರನ್ನು ರೂಪಿಸಿದವರಲ್ಲಿ ಜ್ಯಾಕ್ ಕಿಲ್ಬಿ ಒಬ್ಬರು. ಇಂಟಿಗ್ರೇಟೆಡ್ ಸರ್ಕ್ಯೂಟಿನ ಕೆಲಸಕ್ಕೆ 2000ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಅದೇ ಕಿಲ್ಬಿ. ಅವರು ಕೆಲಸ ಮಾಡುತ್ತಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1971ರಲ್ಲಿ ಹೊರತಂದ ಥರ್ಮಲ್ ಟರ್ಮಿನಲ್ಲಿನ ಹೆಸರು ಸೈಲೆಂಟ್ 700. ಟಕಟಕ ಸದ್ದಿಲ್ಲ, ರಿಬ್ಬನ್ ಇಲ್ಲ, ಮಸಿ ಇಲ್ಲ. ಆ ದೊಡ್ಡಸ್ತಿಕೆ ಇವತ್ತಿಗೂ ಮಾರಾಟದ ಮಾತಾಗಿ ಉಳಿದಿದೆ. ಮಸಿಯೇ ಇಲ್ಲದ ಮೇಲೆ ಗಲೀಜು ಎಲ್ಲಿಂದ ಬರಬೇಕು ಎಂದು ಕೊಳ್ಳುವವನು ಅಂದುಕೊಳ್ಳುತ್ತಾನೆ. ಮಾರುವವನು ಬೇಡ ಅನ್ನುವುದಿಲ್ಲ. ಮಸಿ ಇಲ್ಲ ಎಂಬುದು ನಿಜವೇ, ಆದರೆ ಅದರ ಕೆಲಸ ಕಾಗದಕ್ಕೆ ಹೋಗಿ ಸೇರಿಕೊಂಡಿದೆ. ಥರ್ಮಲ್ ಪೇಪರಿನ ಒಂದು ಮೈಗೆ ಬಣ್ಣವಿಲ್ಲದ ಡೈ, ಅದನ್ನು ಕಪ್ಪಾಗಿಸುವ ಇನ್ನೊಂದು ರಾಸಾಯನಿಕ, ಎರಡನ್ನೂ ಹಿಡಿದಿಡುವ ಅಂಟು, ಬಿಳಿ ಪುಡಿ ಎಲ್ಲ ಸೇರಿಸಿ ಬಳಿದಿರುತ್ತಾರೆ. ಉಗುರಿನಿಂದ ಗೀರಿದರೆ ಕಪ್ಪು ಗೀಟು ಬೀಳುವ ಮೈ ಅದೇ. ಬಿಸಿ ತಾಗಿದಾಗ ಆ ಪದರ ಒಂದು ಕ್ಷಣ ಕರಗಿ ಬಣ್ಣ ಏಳುತ್ತದೆ, ಜೊತೆಗೆ ಒಂದಿಷ್ಟು ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಅಂದರೆ ಗಲೀಜು ಹೊರಗಿನಿಂದಷ್ಟೇ ಬರುವುದಲ್ಲ. ಎಷ್ಟು ಚೊಕ್ಕಟವಾದ ಆಫೀಸಿನಲ್ಲಿಟ್ಟರೂ ಮುದ್ರಿಸುವ ಕೆಲಸದಿಂದಲೇ ಹುಟ್ಟುವ ಗಲೀಜು ಅದು.

ಹೆಡ್ಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಾಮಾನ್ಯ ಬಿಲ್ ಮಷೀನು 203 ಡಿಪಿಐ, ಒಂದು ಮಿಲಿಮೀಟರಿಗೆ ಎಂಟು ಚುಕ್ಕಿ. 58 ಮಿಮೀ ರೋಲಿನ ಮಷೀನಿನಲ್ಲಿ ಅಂಥ 384 ಚುಕ್ಕಿಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. 80 ಮಿಮೀ ರೋಲಿನದರಲ್ಲಿ 576. ಒಂದೊಂದು ಚುಕ್ಕಿಯೂ ಪಿಂಗಾಣಿ ಹಲಗೆಯ ಮೇಲೆ ಕೂರಿಸಿದ, ಬಿಸಿಯಾಗುವ ಪುಟ್ಟ ರೆಸಿಸ್ಟರ್. ಅದರ ಮೇಲೆ ಗಾಜಿನಂಥ ಒಂದು ಹೊದಿಕೆ, ದಪ್ಪ ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಸೆಕೆಂಡಿಗೆ 150 ಮಿಮೀ ವೇಗದಲ್ಲಿ ಕಾಗದ ಓಡಿದರೆ ಆ ಒಂದು ಸೆಕೆಂಡಿನಲ್ಲಿ 1,200 ಸಾಲು ಮುದ್ರಣವಾಗುತ್ತದೆ. ಅಂದರೆ ಒಂದು ಚುಕ್ಕಿ ಬಿಸಿಯಾಗಿ, ಆ ಬಿಸಿಯನ್ನು ಕಾಗದಕ್ಕೆ ಕೊಟ್ಟು, ಮುಂದಿನ ಸಾಲಿಗೆ ತಯಾರಾಗಲು ಸಿಗುವ ಕಾಲ ಒಂದು ಮಿಲಿಸೆಕೆಂಡಿಗೂ ಕಡಿಮೆ. ಇಷ್ಟು ಕಡಿಮೆ ಕಾಲದಲ್ಲಿ ಬಿಸಿ ದಾಟಬೇಕಾದರೆ ಹೆಡ್ಡಿಗೂ ಕಾಗದಕ್ಕೂ ನಡುವೆ ಏನೂ ಇರಬಾರದು.

ಏನಾದರೂ ಇದ್ದರೆ? ಬಿಸಿ ಕಾಗದಕ್ಕೆ ಪೂರ್ತಿ ದಾಟುವುದಿಲ್ಲ, ಅಕ್ಷರ ಮಾಸುತ್ತದೆ. ನಾವು ಡೆನ್ಸಿಟಿ ಏರಿಸುತ್ತೇವೆ. ಹೆಚ್ಚಿನ ಕರೆಂಟು ಹೋಗುತ್ತದೆ, ಚುಕ್ಕಿ ಇನ್ನಷ್ಟು ಕಾಯುತ್ತದೆ, ಪೊರೆಯ ಅಡಿಯಲ್ಲಿ ಆ ಕಾವು ಸಿಕ್ಕಿಹಾಕಿಕೊಳ್ಳುತ್ತದೆ. ಪೊರೆ ಬೆಂದು ಇನ್ನೂ ಗಟ್ಟಿಯಾಗುತ್ತದೆ, ಅಕ್ಷರ ಮತ್ತೆ ಮಾಸುತ್ತದೆ, ನಾವು ಮತ್ತೆ ಏರಿಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿಗೆ ಅಕ್ಷರಶಃ ಸಲ್ಲುತ್ತದೆ. ತಪ್ಪು ಗಲೀಜಿನದು, ಬರೆ ಹೆಡ್ಡಿಗೆ.

ನಮ್ಮಜ್ಜಿಯ ಮನೆಯಲ್ಲಿ ಕರೆಂಟು ಬಂದಮೇಲೂ ಬಹಳ ವರ್ಷ ಲಾಟೀನು ಇತ್ತು. ಸಂಜೆ ದೀಪ ಹಚ್ಚುವ ಮೊದಲು ಅಜ್ಜಿ ಗಾಜಿನ ಬುರುಡೆಯನ್ನು ಬಿಚ್ಚಿ, ಒಲೆಯ ಬೂದಿ ಮುಟ್ಟಿಸಿದ ಹಳೇ ಪಂಚೆಯ ಚೂರಿನಲ್ಲಿ ಒಳಗೆಲ್ಲ ಒರೆಸುತ್ತಿದ್ದಳು. ಬೆಳಕು ಸಾಲದೆಂದು ನಾವು ಮಕ್ಕಳು ಬತ್ತಿ ಏರಿಸಲು ಹೋದರೆ ಕೈಗೆ ಪೆಟ್ಟು. "ಮಸಿ ಹಿಡಿದ ಗಾಜಿಗೆ ಬತ್ತಿ ಏರಿಸ್ತೀಯೇನೋ, ಇನ್ನಷ್ಟು ಮಸಿ ಹಿಡಿಯುತ್ತೆ" ಅನ್ನುತ್ತಿದ್ದಳು. ಶಾಲೆಗೆ ಹೋಗದ ಅಜ್ಜಿಗೆ ಗೊತ್ತಿದ್ದ ವಿಷಯ ಇದು. ಡಿಪ್ಲೊಮಾ ಮಾಡಿದ ನಮಗೆ ಬಿಲ್ ಮಷೀನಿನ ಮುಂದೆ ನಿಂತಾಗ ನೆನಪಾಗುವುದಿಲ್ಲ.

ನನಗೂ ನೆನಪಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಮೆಡಿಕಲ್ ಶಾಪಿನಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾಗ, ಎರಡೇ ನಿಮಿಷದಲ್ಲಿ ಡೆನ್ಸಿಟಿ ಏರಿಸಿಕೊಟ್ಟು ಭೇಷ್ ಅನ್ನಿಸಿಕೊಂಡು ಬಂದೆ. ಎರಡು ತಿಂಗಳ ನಂತರ ಮತ್ತೆ ಕರೆ ಬಂತು. ಈ ಸಲ ಒರೆಸಿದರೂ ಗೆರೆ ಹೋಗಲಿಲ್ಲ. ಚುಕ್ಕಿಗಳು ಸುಟ್ಟಿದ್ದವು. ಆ ಅಂಗಡಿಯವರು ಕೊಟ್ಟ ದುಡ್ಡಿನಲ್ಲಿ ನನ್ನ ಪಾಲಿನ ತಪ್ಪೂ ಇತ್ತು ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹೆಡ್ ಸವೆಯುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಸವೆಯುತ್ತದೆ. ಆದರೆ ಎಷ್ಟಕ್ಕೆ? ಬಿಲ್ ಪ್ರಿಂಟರುಗಳ ಹೆಡ್ಡಿಗೆ ತಯಾರಕರು ಸಾಮಾನ್ಯವಾಗಿ 50 ಕಿಲೋಮೀಟರಿನಿಂದ 100 ಕಿಲೋಮೀಟರು, ಒಳ್ಳೆಯದಾದರೆ ಅದಕ್ಕೂ ಹೆಚ್ಚು ಕಾಗದದ ಆಯುಸ್ಸು ಹೇಳುತ್ತಾರೆ. ಕಡಿಮೆಯದನ್ನೇ ಹಿಡಿಯೋಣ. ಒಂದು ಬಿಲ್ಲು 20 ಸೆಂಟಿಮೀಟರ್ ಎಂದರೆ 50 ಕಿಲೋಮೀಟರಿಗೆ ಎರಡೂವರೆ ಲಕ್ಷ ಬಿಲ್ಲು. ದಿನಕ್ಕೆ 200 ಬಿಲ್ಲು ಹರಿಯುವ ಅಂಗಡಿಗೆ 1,250 ದಿನ, ಒಂದು ದಿನವೂ ಬಾಗಿಲು ಹಾಕದಿದ್ದರೂ ಸುಮಾರು ಮೂರೂವರೆ ವರ್ಷ. ನನ್ನ ಬೇಕರಿಯವರ ಮಷೀನು ಹನ್ನೊಂದು ತಿಂಗಳಲ್ಲಿ ಓಡಿದ್ದು ಹೆಚ್ಚೆಂದರೆ 13 ಕಿಲೋಮೀಟರು. ಕಾಲುಭಾಗ ಆಯುಸ್ಸು ಕಳೆದದ್ದನ್ನು ಮುದುಕ ಎಂದು ಗುಜರಿಗೆ ಹಾಕಲು ಹೊರಟಿದ್ದರು. "ಸವೆಯುವ ಸಾಮಾನು" ಎನ್ನುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿದ್ದಾರೆಯೇ? ನಮ್ಮ ಕಸುಬಿನಲ್ಲಿ ಹಾಕಿದವರನ್ನು ನಾನು ಕಂಡಿಲ್ಲ.

ಬಿಳಿ ಗೆರೆ ಕಂಡರೆ ಚುಕ್ಕಿ ಸತ್ತಿದೆ ಎಂದೇ ತೀರ್ಮಾನಿಸುವುದು ಇನ್ನೊಂದು ಅವಸರ. ಸತ್ತ ಚುಕ್ಕಿ ಕೊಡುವುದು ಕೂದಲೆಳೆಯಷ್ಟು ಸಪೂರದ, ಅಂಚು ಖಚಿತವಾದ ಗೆರೆ. ಯಾವ ಚೀಟಿ ನೋಡಿದರೂ ಅದೇ ಜಾಗ. ಗಲೀಜಿನ ಗೆರೆ ಅಗಲ, ಅಂಚು ಮಸುಕು, ಇವತ್ತು ಜಾಸ್ತಿ ನಾಳೆ ಕಡಿಮೆ. ಇಷ್ಟು ನೋಡಿಯೂ ಅನುಮಾನ ಉಳಿದರೆ ಒರೆಸಿ ನೋಡುವುದೊಂದೇ ದಾರಿ. ಒರೆಸದೆ ಹೆಡ್ ಹೋಗಿದೆ ಎಂದು ಹೇಳುವ ಹಕ್ಕು ಯಾವ ಮೆಕ್ಯಾನಿಕ್ಕಿಗೂ ಇಲ್ಲ.

ಮಾಸಿದ ಚೀಟಿಯಿಂದ ಏನಾಗಿಬಿಡುತ್ತದೆ ಎಂದು ಕೇಳುವವರಿಗೆ ಅಡಿಕೆ ಮಂಡಿಯೊಂದರ ಕತೆ ಹೇಳುತ್ತೇನೆ. ತೂಕದ ಮಷೀನಿಗೆ ಜೋಡಿಸಿದ ಎರಡು ಇಂಚಿನ ಪ್ರಿಂಟರು. ಕೊಪ್ಪದ ಕಡೆಯ ಹಿರಿಯರೊಬ್ಬರು ಚೀಲಗಳನ್ನು ತೂಗಿಸಿ ಚೀಟಿ ತೆಗೆದುಕೊಂಡು ಹೋದರು, ಮಾರನೆಯ ದಿನ ಮಗನನ್ನು ಕರೆದುಕೊಂಡು ವಾಪಸು ಬಂದರು. ಮನೆಯಲ್ಲಿ ತೂಗಿದಾಗ 68 ಕೆಜಿ ಬಂದ ಚೀಲಕ್ಕೆ ಚೀಟಿಯಲ್ಲಿ 63 ಇದೆ ಎಂಬುದು ಅವರ ದೂರು. ಕ್ವಿಂಟಲಿಗೆ 45 ಸಾವಿರ ಇದ್ದ ಕಾಲ, ಐದು ಕೆಜಿ ಎಂದರೆ ಎರಡು ಸಾವಿರದ ಇನ್ನೂರೈವತ್ತು ರೂಪಾಯಿ. ಮಾತಿಗೆ ಮಾತು ಬೆಳೆದು, ಮೂವತ್ತು ವರ್ಷದ ವ್ಯವಹಾರ ಮುರಿಯುವ ಹಂತಕ್ಕೆ ಬಂದಿತ್ತು. ಮಂಡಿಯ ಪುಸ್ತಕದಲ್ಲಿ ಇದ್ದದ್ದು 68. ಮಷೀನಿನ ಮೆಮೊರಿಯಲ್ಲೂ 68. ನನ್ನನ್ನು ಕರೆಸಿದರು.

ಇಂಥ ಮಷೀನಿನಲ್ಲಿ ಮಾಮೂಲಿ ಅಕ್ಷರದ ಅಗಲ ಹನ್ನೆರಡು ಚುಕ್ಕಿ. 384 ಚುಕ್ಕಿಯ ಸಾಲಿನಲ್ಲಿ 32 ಅಕ್ಷರ ಹಿಡಿಯುತ್ತದೆ. ಪ್ರತಿ ಚೀಟಿಯಲ್ಲೂ ಬಿಡಿಯಂಕಿ ಬರುವ ಜಾಗ ಒಂದೇ. ಆ ಅಂಕಿಯ ಎಡ ಮಗ್ಗುಲಿನ ಮೂರು ಚುಕ್ಕಿಗಳ ಮೇಲೆ ಧೂಳು ಅಂಟಿ ಕೂತಿತ್ತು. 8ರ ಎಡಭಾಗವನ್ನು ಅಳಿಸಿದರೆ ಉಳಿಯುವುದು 3. ಒರೆಸಿ, ಅದೇ ಚೀಟಿಯನ್ನು ಮತ್ತೆ ತೆಗೆದು ಆ ಹಿರಿಯರ ಕೈಗೆ ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿ, ಹಳೆಯದನ್ನು ನಾಲ್ಕು ಮಡಿಕೆ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮಂಡಿಯವರನ್ನು ಮತ್ತೆ ಪೂರ್ತಿ ನಂಬಿದರೋ ಇಲ್ಲವೋ ನಾನು ಹೇಳಲಾರೆ.

ಇದು ಬರೀ ಅಂಗಡಿಯ ವಿಷಯವೂ ಅಲ್ಲ. ಮನೆಬಾಗಿಲಲ್ಲಿ ನಿಂತು ಕರೆಂಟು ಬಿಲ್ಲು ಹರಿದುಕೊಡುವವರ ಕೈಯ ಮಷೀನು, ಬಸ್ಸಿನ ಕಂಡಕ್ಟರರ ಟಿಕೆಟ್ ಮಷೀನು, ಎಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ ಹೆಡ್. ಮತಗಟ್ಟೆಯಲ್ಲಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ವಿವಿಪ್ಯಾಟ್ ಚೀಟಿಯೂ ಥರ್ಮಲ್ ಕಾಗದದ್ದು. ಆಸ್ಪತ್ರೆಯ ಇಸಿಜಿಯನ್ನು ನೋಡಿ. ನಾನು ವೈದ್ಯಕೀಯ ಯಂತ್ರಗಳ ಮೆಕ್ಯಾನಿಕ್ ಅಲ್ಲ, ಆದರೆ ಅಲ್ಲೂ ಕಾಗದ ಹೆಡ್ಡಿನ ಕೆಳಗೆ ಸೆಕೆಂಡಿಗೆ 25 ಮಿಮೀ ವೇಗದಲ್ಲಿ ಓಡುತ್ತದೆ, ಹೃದಯದ ಗೆರೆ ಹೆಡ್ಡಿನ ಮೇಲೆ ಆಚೀಚೆ ಸರಿಯುತ್ತದೆ ಎಂಬುದು ಗೊತ್ತು. ಎರಡು ಬಡಿತಗಳ ನಡುವೆ ಗೆರೆ ಸಮತಟ್ಟಾಗಿ ಸಾಗುವ ಮಟ್ಟದಲ್ಲೇ ಗಲೀಜು ಕೂತರೆ ಆ ಸಮತಟ್ಟು ಭಾಗವೇ ಕಾಗದದಿಂದ ಮಾಯವಾಗುತ್ತದೆ, ಏರಿಳಿತಗಳು ಮಾತ್ರ ತುಂಡು ತುಂಡಾಗಿ ಉಳಿಯುತ್ತವೆ. ವೈದ್ಯರು ಅದನ್ನು ಗುರುತಿಸಿ ಮತ್ತೊಮ್ಮೆ ತೆಗೆಸುತ್ತಾರೆ. ಎದೆ ಹಿಡಿದುಕೊಂಡು ಮಲಗಿದವನಿಗೆ ಆ ಮತ್ತೊಮ್ಮೆಯ ಹೊತ್ತು ಸಣ್ಣದಲ್ಲ.

ಬಾರ್‌ಕೋಡಿನ ಲೇಬಲ್ ಮುದ್ರಿಸುವವರಿಗೆ ಒಂದು ಮಾತು. ಪಟ್ಟಿಗಳು ಕಾಗದ ಓಡುವ ದಿಕ್ಕಿಗೇ ಉದ್ದಕ್ಕೆ ಬರುವಂತೆ, ಬೇಲಿಯ ಗೂಟಗಳ ಹಾಗೆ ಮುದ್ರಿಸಿದರೆ, ಒಂದು ಬಿಳಿ ಗೆರೆ ಒಂದು ಪಟ್ಟಿಯನ್ನೇ ನುಂಗಬಹುದು. ಆಗ ಸ್ಕ್ಯಾನರ್ ಓದುವುದಿಲ್ಲ. ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ ಮುದ್ರಿಸಿದರೆ ಅದೇ ಗೆರೆ ಎಲ್ಲ ಪಟ್ಟಿಗಳನ್ನೂ ಒಂದು ಕಡೆ ಸೀಳುತ್ತದೆ ಅಷ್ಟೇ, ಸ್ಕ್ಯಾನರ್ ಪಕ್ಕದಲ್ಲಿ ಓದಿಕೊಳ್ಳುತ್ತದೆ. ಆದರೆ ಲೇಬಲ್ಲಿನ ಅಂಚಿನಿಂದ ಒಸರುವ ಗೋಂದಿಗೆ ದಿಕ್ಕಿನ ಹಂಗಿಲ್ಲ. ಹೆಡ್ಡಿಗೂ ರೋಲರಿಗೂ ಅದು ಹಿಡಿದೇ ಹಿಡಿಯುತ್ತದೆ. ಲೇಬಲ್ ಪ್ರಿಂಟರ್ ಮಾಡುವವರು ರೋಲ್ ಬದಲಿಸಿದಾಗಲೆಲ್ಲ ಒರೆಸಿ ಎಂದು ತಮ್ಮ ಪುಸ್ತಕದಲ್ಲಿ ಬರೆದಿರುವುದು ಸುಮ್ಮನೆ ಅಲ್ಲ.

ನನಗೆ ಹೆಚ್ಚು ಸಿಟ್ಟು ತರಿಸುವುದು ನಮ್ಮ ಕಸುಬಿನವರೇ ಹಬ್ಬಿಸಿರುವ "ಹೆಡ್ಡನ್ನು ಮುಟ್ಟಬೇಡಿ, ಹಾಳಾಗುತ್ತದೆ" ಎಂಬ ಮಾತು. ಅದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಇಷ್ಟು ದಿನ ಬಾಳಿದೆ. ಬರಿ ಬೆರಳಿನಿಂದ ಮುಟ್ಟಬಾರದು, ನಿಜ. ಬೆವರಿನ ಉಪ್ಪು ಆ ತೆಳು ಹೊದಿಕೆಯ ಕಣ್ಣಿಗೆ ಕಾಣದ ತೂತುಗಳಲ್ಲಿ ಇಳಿದು ಒಳಗಿನದನ್ನು ತಿನ್ನುತ್ತದೆ. ಒಣ ಹವೆಯ ದಿನ ಮೈಯಲ್ಲಿ ಸೇರಿಕೊಂಡ ಸ್ಟ್ಯಾಟಿಕ್ ಕರೆಂಟು ಒಂದೇ ಕಿಡಿಯಲ್ಲಿ ಚುಕ್ಕಿಯನ್ನು ಸುಡಬಲ್ಲದು, ಅದಕ್ಕೇ ಮೊದಲು ಯಾವುದಾದರೂ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಆಮೇಲೆ ಕೈ ಹಾಕಬೇಕು. ಇದನ್ನೆಲ್ಲ ಹೇಳಿಕೊಟ್ಟರೆ ಎಂಟನೇ ಕ್ಲಾಸು ಓದಿದ ಹುಡುಗನೂ ಮಾಡುತ್ತಾನೆ. ಹೇಳಿಕೊಡದೆ ಬರೀ ಮುಟ್ಟಬೇಡಿ ಎಂದು ಹೆದರಿಸಿದರೆ ಅಂಗಡಿಯವನು ಒರೆಸುವುದನ್ನೇ ಬಿಡುತ್ತಾನೆ. ಆರು ತಿಂಗಳಿಗೆ ನಮ್ಮ ಫೋನು ಬಡಿಯುತ್ತದೆ, ನಮಗೆ ವಿಸಿಟ್ ಚಾರ್ಜು. ವರ್ಷದ ಕರಾರಿನ ದುಡ್ಡು ತೆಗೆದುಕೊಂಡೂ ಬಂದ ಸಲವೆಲ್ಲ ಡೆನ್ಸಿಟಿ ಏರಿಸಿ, ಸಹಿ ಹಾಕಿಸಿಕೊಂಡು ಹೋಗುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ರಿಪೇರಿ ಅಲ್ಲ, ನಂಬಿದ ಗಿರಾಕಿಗೆ ಮಾಡುವ ದ್ರೋಹ.

ಹೆದರಿಕೆಯ ಇನ್ನೊಂದು ಫಲವೆಂದರೆ, ಕೊನೆಗೆ ಧೈರ್ಯ ಮಾಡಿ ಒರೆಸುವವನು ಕೈಗೆ ಸಿಕ್ಕಿದ್ದರಲ್ಲಿ ಒರೆಸುತ್ತಾನೆ. ಬ್ಲೇಡಿನಲ್ಲಿ ಕೆರೆದ ಹೆಡ್ ನೋಡಿದ್ದೇನೆ, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದ್ದನ್ನೂ, ಉಪ್ಪುಕಾಗದ ತಿಕ್ಕಿದ್ದನ್ನೂ ನೋಡಿದ್ದೇನೆ. ಆ ಹೊದಿಕೆಗೆ ಒಂದು ಗೀರು ಬಿದ್ದರೆ ಮತ್ತೆ ಯಾವ ಉಪಾಯವೂ ಇಲ್ಲ. ನೇಲ್ ಪಾಲಿಶ್ ತೆಗೆಯುವ ಅಸಿಟೋನು, ಪೆಟ್ರೋಲು ಹಾಕಿದವರಿದ್ದಾರೆ. ಅವು ರೋಲರಿನ ರಬ್ಬರನ್ನೂ ಮಷೀನಿನ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತವೆ. 2020ರ ನಂತರ ಎಲ್ಲ ಗಲ್ಲಾದ ಮೇಲೂ ಸ್ಯಾನಿಟೈಸರ್ ಬಂತು, ಅದೂ ಆಲ್ಕೋಹಾಲ್ ತಾನೇ ಎಂದು ಅದರಲ್ಲೇ ಒರೆಸಲು ಶುರುಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಸ್ಯಾನಿಟೈಸರ್ ಸೂತ್ರದಲ್ಲೇ ಶೇ 1.45ರಷ್ಟು ಗ್ಲಿಸರಾಲ್ ಇದೆ, ಕೈಯ ಚರ್ಮ ಒಣಗದಿರಲಿ ಎಂದು. ಕೈಗೆ ಒಳ್ಳೆಯದಾದ ಆ ಜಿಡ್ಡು ಹೆಡ್ಡಿನ ಮೇಲೆ ಉಳಿದರೆ ಧೂಳಿಗೆ ಅಂಟು ಬಳಿದಂತೆ. ಬೇಕಾದದ್ದು ನೀರಿನಂಶ ಆದಷ್ಟು ಕಡಿಮೆ ಇರುವ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಸಣ್ಣದೊಂದು ಬಾಟಲಿ ಒಂದು ಅಂಗಡಿಗೆ ತಿಂಗಳುಗಟ್ಟಲೆ ಸಾಕು. ಬೆಂಕಿ ಹತ್ತುವ ದ್ರವ, ಆದ್ದರಿಂದ ಊದಿನಕಡ್ಡಿ ಹಚ್ಚಿರುವ ಗಲ್ಲಾದ ಹತ್ತಿರ ತೆರೆಯಬಾರದು. ಒರೆಸಿದ ಮೇಲೆ ಪೂರ್ತಿ ಆರುವ ತನಕ ಸ್ವಿಚ್ ಹಾಕಬಾರದು.

ಊದಿನಕಡ್ಡಿ ಎಂದಾಗ ನೆನಪಾಯಿತು. ಆಯುಧಪೂಜೆಯ ಮಾರನೆಯ ವಾರ ನನಗೆ ಬರುವ ಕರೆಗಳಲ್ಲಿ ಮುಚ್ಚಳದ ಸಂದಿನಿಂದ ಒಳಗಿಳಿದ ಕುಂಕುಮ, ಅರಿಶಿನ ಹೆಡ್ಡಿನ ಮೇಲೆ ಕೂತಿರುವುದು ಪ್ರತಿ ವರ್ಷದ ಸಂಗತಿ. ದುಡಿಯುವ ಯಂತ್ರಕ್ಕೆ ಕೈಮುಗಿಯುವ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ, ನನ್ನ ಸ್ಕ್ರೂಡ್ರೈವರಿಗೂ ನಾನು ಹೂವು ಇಡುತ್ತೇನೆ. ಆ ದಿನ ಮುಚ್ಚಳ ತೆಗೆದು ಒಳಗನ್ನು ಒರೆಸುವುದೂ ಪೂಜೆಯ ಭಾಗವಾಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಪೇಪರ್ ರೋಲಿನ ವಿಷಯದಲ್ಲೂ ಇದೇ ಅಡ್ಡಲೆಕ್ಕ ನಡೆಯುತ್ತದೆ. ಎಲ್ಲ ರೋಲೂ ಒಂದೇ, ಕಡಿಮೆ ರೇಟಿನದು ತಾ. ಒಂದಲ್ಲ. ಒಳ್ಳೆಯ ಕಾಗದದ ಮೈ ನುಣುಪು, ಕೈಗೆ ಪುಡಿ ಅಂಟುವುದಿಲ್ಲ. ಕಳಪೆ ಕಾಗದದ ಮೈ ಒರಟು, ಹೆಡ್ಡಿನ ಮೇಲೆ ಅದು ಕಿಲೋಮೀಟರುಗಟ್ಟಲೆ ಉಜ್ಜಿಕೊಂಡು ಹೋಗುತ್ತದೆ. ಕರಿ ಬಟ್ಟೆಯ ಮೇಲೆ ಎರಡನ್ನೂ ತಿಕ್ಕಿ ನೋಡಿದರೆ ಗೊತ್ತಾಗುತ್ತದೆ. ಹೊಸ ರೋಲಿನ ಮೊದಲ ಸುತ್ತಿಗೆ ಗೋಂದು ಹಚ್ಚಿರುತ್ತಾರೆ, ಅದನ್ನು ಹರಿದೆಸೆಯಬೇಕೆಂಬುದು ಎಷ್ಟು ಜನಕ್ಕೆ ಗೊತ್ತು? ಒಂದು ಗೇಣು ಕಾಗದ ಉಳಿಸಲು ಹೋಗಿ ಗೋಂದನ್ನು ನೇರ ಹೆಡ್ಡಿನ ಮೇಲೆ ಓಡಿಸುತ್ತೇವೆ.

ಈಗ ದುಡ್ಡಿನ ವಾದಕ್ಕೆ ಬರುತ್ತೇನೆ, ಯಾಕೆಂದರೆ ಎದುರಾಳಿಗಳ ಗಟ್ಟಿ ವಾದ ಅದೇ. ಎರಡು ಇಂಚಿನ ಮಷೀನು ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, ಮೆಕ್ಯಾನಿಕ್ ಬಂದು ಹೋದರೆ ಮುನ್ನೂರು, ಬಿಡಿ ಹೆಡ್ ಹುಡುಕಿದರೂ ಸಿಗುವುದಿಲ್ಲ, ಹಾಗಿರುವಾಗ ಎಸೆದು ಹೊಸದು ತರುವುದೇ ಬುದ್ಧಿವಂತಿಕೆ ಎನ್ನುತ್ತಾರೆ. ಬಿಡಿ ಹೆಡ್ ಸಿಗದಿರುವುದು ನಿಜ, ಅದು ತಯಾರಕರ ತಪ್ಪು. ಆದರೆ ಗಮನಿಸಿ, ಈ ಲೆಕ್ಕದಲ್ಲಿ ಒಂದು ಕಡೆ ಹೊಸ ಮಷೀನು ಇದೆ, ಇನ್ನೊಂದು ಕಡೆ ಮೆಕ್ಯಾನಿಕ್ ಇದ್ದಾನೆ. ಅಂಗಡಿಯವನ ಕೈಯಲ್ಲೇ ಇರುವ ಮೂರನೇ ದಾರಿ ಲೆಕ್ಕಕ್ಕೇ ಬಂದಿಲ್ಲ. ವಾರಕ್ಕೊಮ್ಮೆ, ಹಿಟ್ಟು-ಜಿಡ್ಡು ಇರುವ ಕಡೆ ಎರಡು ಸಲ, ಎರಡು ಬಡ್ಡು, ನಾಲ್ಕು ಹನಿ ಐಪಿಎ, ಹತ್ತು ನಿಮಿಷ. ಬಾಗಿಲು ತೆಗೆಯುವ ಮೊದಲು ಕಸ ಗುಡಿಸಿ ನೀರು ಚಿಮುಕಿಸುವುದಕ್ಕೆ ಯಾರಾದರೂ ಖರ್ಚಿನ ಲೆಕ್ಕ ಕೇಳುತ್ತಾರೆಯೇ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕುತ್ತಿದ್ದೇವೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಲೆಕ್ಕದಲ್ಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರುಗಳೂ ಇವೆ, ಮರುಬಳಕೆಯ ಹೊಣೆಯನ್ನು ನಿಯಮ ಉತ್ಪಾದಕರ ಮೇಲೆ ಹಾಕಿದೆ. ನಾನು ನೋಡುವುದು ಮಾತ್ರ ಬೇರೆ. ಅಂಗಡಿಯ ಹಿಂದಿನ ಮೂಲೆ, ಅಲ್ಲಿಂದ ಗುಜರಿಯವನ ಗಾಡಿ, ಅಲ್ಲಿ ಸುತ್ತಿಗೆಯ ಒಂದು ಏಟು. ಮೋಟಾರಿನ ತಾಮ್ರ ತೆಗೆದುಕೊಂಡು ಉಳಿದದ್ದನ್ನು ಬಿಸಾಡುತ್ತಾರೆ. ಆ ರಾಶಿಯಿಂದ ನಾನು ಹೆಕ್ಕಿ ತಂದ ಮಷೀನುಗಳಲ್ಲಿ ಮೂರು, ಒರೆಸಿದ ಮೇಲೆ, ನಮ್ಮ ಬೀದಿಯ ಸಣ್ಣ ಅಂಗಡಿಗಳಲ್ಲಿ ಇವತ್ತೂ ಬಿಲ್ಲು ಹರಿಯುತ್ತಿವೆ.

ಇನ್ನು ಮುಂದೆ ಬಿಲ್ಲೆಲ್ಲ ಮೊಬೈಲಿಗೇ ಬರುತ್ತದೆ, ಈ ಚಿಂತೆ ಯಾಕೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಬಂದಾಗ ನೋಡೋಣ. ಇವತ್ತು ಔಷಧಿ ಅಂಗಡಿಯಲ್ಲಿ, ಮಂಡಿಯಲ್ಲಿ, ಬಸ್ಸಿನಲ್ಲಿ ಜನ ಕೈ ಚಾಚುವುದು ಕಾಗದಕ್ಕೆ.

ಬೇಕರಿಯವರ ಮಷೀನಿಗೆ ಆ ದಿನ ನಾನು ಮಾಡಿದ ಕೊನೆಯ ಕೆಲಸ ಡೆನ್ಸಿಟಿ ಇಳಿಸುವುದು. ಮೇಲಿನಿಂದ ಮೂರು ಮೆಟ್ಟಿಲು ಕೆಳಗೆ ತಂದೆ, ಅಕ್ಷರ ಹಾಗೇ ಕಪ್ಪಾಗಿತ್ತು. ಗಲ್ಲಾದಲ್ಲಿ ಕೂರುವ ಹುಡುಗನಿಗೆ ಒರೆಸುವುದನ್ನು ತೋರಿಸಿ, ಅರ್ಧ ಬಾಟಲಿ ಐಪಿಎ ಕೊಟ್ಟು ಬಂದೆ. ಮತ್ತೆ ಆ ಕಡೆ ಹೋದದ್ದು ಕಟ್ಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಕರೆದಾಗ. ಮಷೀನಿನ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಐದೈದರ ಗೀಟುಗಳು ಕಂಡವು, ನಾಲ್ಕು ಉದ್ದ, ಒಂದು ಅಡ್ಡ. ಏನಪ್ಪಾ ಇದು ಎಂದೆ. "ಒರೆಸಿದ್ದು ಅಣ್ಣ, ಮರೆಯಬಾರದು ಅಂತ" ಎಂದ. ಎಣಿಸಿದೆ. ಮೂವತ್ತೊಂದು ಇದ್ದವು.